ಜೆ-1 ಬೇಡ ಅನ್ನುವ ಮುಂಚೆ ಸಂಬಳದ ದುಡ್ಡು ಯಾರದ್ದು ನೋಡಿ

ಪ್ರಶ್ನೆ: ಮೇಡಂ, ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮುಗಿಸಿದ್ದೇನೆ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಲ್ಯಾಬ್‌ನಿಂದ ಪೋಸ್ಟ್‌ಡಾಕ್ ಆಫರ್ ಬಂದಿದೆ. ಸಂಬಳ ವರ್ಷಕ್ಕೆ 62 ಸಾವಿರ ಡಾಲರ್, ಪ್ರೊಫೆಸರ್ ಅವರ ಎನ್‌ಐಎಚ್ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ಗ್ರಾಂಟ್‌ನಿಂದ. ಅವರು ಜೆ-1 (ವಿನಿಮಯ ಕಾರ್ಯಕ್ರಮದಲ್ಲಿ ಬರುವವರ ವೀಸಾ) ಮಾಡಿಸುತ್ತೇವೆ ಎನ್ನುತ್ತಾರೆ. ಅಲ್ಲೇ ಇರುವ ನನ್ನ ಸೀನಿಯರ್ ಒಬ್ಬರು, 'ಜೆ-1 ತಗೊಂಡ್ರೆ ಆಮೇಲೆ ಎರಡು ವರ್ಷ ಇಂಡಿಯಾಕ್ಕೆ ಹೋಗಿ ಕೂರಬೇಕು, ಎಚ್-1ಬಿ (ಕೆಲಸದ ವೀಸಾ) ಕೇಳು' ಎನ್ನುತ್ತಾರೆ. ನನ್ನ ಹೆಂಡತಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಎಚ್-1ಬಿ ಕೇಳಿದರೆ ಆಫರ್ ಕೈತಪ್ಪುತ್ತದೋ ಎಂಬ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಸೀನಿಯರ್ ಸುಳ್ಳು ಹೇಳುತ್ತಿಲ್ಲ. ಹಳೆಯ ಮಾತು ಹೇಳುತ್ತಿದ್ದಾರೆ, ಅಷ್ಟೆ.

ಎರಡು ವರ್ಷದ ಷರತ್ತು ಜೆ-1 ಪಡೆದ ಎಲ್ಲರಿಗೂ ಅಂಟಿಕೊಳ್ಳುವುದಿಲ್ಲ. ಅದು ಬರುವುದು ಮೂರು ದಾರಿಯಿಂದ. ನಿಮ್ಮ ಖರ್ಚನ್ನು ಭಾರತ ಸರ್ಕಾರವೋ ಅಮೆರಿಕ ಸರ್ಕಾರವೋ ವಿನಿಮಯ ಕಾರ್ಯಕ್ರಮಕ್ಕೆಂದೇ ಕೊಟ್ಟಿದ್ದರೆ ಒಂದು. ನಿಮ್ಮ ದೇಶ ಮತ್ತು ನಿಮ್ಮ ವಿಷಯ ಅಮೆರಿಕದ ವಿದೇಶಾಂಗ ಇಲಾಖೆಯ 'ಸ್ಕಿಲ್ಸ್ ಲಿಸ್ಟ್'ನಲ್ಲಿ, ಅಂದರೆ ಯಾವ ದೇಶಕ್ಕೆ ಯಾವ ಪರಿಣತಿ ಬೇಕು ಎಂಬ ಪಟ್ಟಿಯಲ್ಲಿದ್ದರೆ ಎರಡು. ಡಾಕ್ಟರುಗಳ ರೆಸಿಡೆನ್ಸಿ ತರಬೇತಿ ಮೂರನೆಯದು, ಅದು ನಿಮಗೆ ಸಂಬಂಧವಿಲ್ಲ. 2009ರ ಪಟ್ಟಿಯಲ್ಲಿ ಭಾರತದ ಹೆಸರಿನ ಕೆಳಗೆ ಉದ್ದನೆಯ ವಿಷಯಗಳ ಸಾಲೇ ಇತ್ತು. ನಮ್ಮವರು ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು ಬಹುಪಾಲು ಅಲ್ಲೇ. 2024ರ ಡಿಸೆಂಬರ್ 9ರಂದು ಹೊಸ ಪಟ್ಟಿ ಬಂತು. ಅದರಲ್ಲಿ ಭಾರತ ಇಲ್ಲ. ಚೀನಾವೂ ಇಲ್ಲ. ಹಳೆಯ ಪಟ್ಟಿಯ ಕಾರಣಕ್ಕೆ ಮಾತ್ರ ಷರತ್ತಿಗೆ ಒಳಪಟ್ಟಿದ್ದವರಿಗೂ ಬಿಡುಗಡೆ ಸಿಕ್ಕಿತು.

ಹಾಗಾಗಿ ನೀವು ನೋಡಬೇಕಾದದ್ದು ಒಂದೇ: ದುಡ್ಡು ಯಾರದ್ದು? ಎನ್‌ಐಎಚ್ ಎಂದರೆ ಅಮೆರಿಕ ಸರ್ಕಾರವೇ ತಾನೇ ಎಂದು ಹೆದರುವವರು ತುಂಬ ಜನ. ಪ್ರೊಫೆಸರ್ ತಮ್ಮ ಸಂಶೋಧನೆಗೆ ಪಡೆದ ಗ್ರಾಂಟ್‌ನಿಂದ ವಿಶ್ವವಿದ್ಯಾಲಯ ನಿಮಗೆ ಸಂಬಳ ಕೊಟ್ಟರೆ, ಸಾಮಾನ್ಯವಾಗಿ ಅದನ್ನು ಸರ್ಕಾರಿ ನೆರವು ಎಂದು ಲೆಕ್ಕ ಹಿಡಿಯುವುದಿಲ್ಲ. ಆ ಗ್ರಾಂಟ್ ಕೊಟ್ಟದ್ದು ವಿನಿಮಯಕ್ಕಲ್ಲ, ಸಂಶೋಧನೆಗೆ. ಆದರೆ ಎರಡೂ ಸರ್ಕಾರಗಳು ದುಡ್ಡು ಕೊಡುವ ಫುಲ್‌ಬ್ರೈಟ್-ನೆಹರೂ ಫೆಲೋಶಿಪ್‌ನಲ್ಲಿ ಹೋಗುವವರಿಗೆ, ನಮ್ಮ ಸರ್ಕಾರದ ಸಾಗರೋತ್ತರ ಪೋಸ್ಟ್‌ಡಾಕ್ ಫೆಲೋಶಿಪ್‌ನಲ್ಲಿ ಹೋಗುವವರಿಗೆ ಷರತ್ತು ಇವತ್ತಿಗೂ ಇದೆ.

ವಿಶ್ವವಿದ್ಯಾಲಯದಿಂದ ಡಿಎಸ್-2019 (ಜೆ-1 ವೀಸಾಕ್ಕೆ ಬೇಕಾದ ಫಾರಂ) ಬಂದ ಕೂಡಲೇ ಐದನೇ ಅಂಕಣ ನೋಡಿ. ಯಾರು ಎಷ್ಟು ಕೊಡುತ್ತಾರೆ ಎಂದು ಸಾಲುಸಾಲಾಗಿ ಇರುತ್ತದೆ. ನಿಮ್ಮ ಸಂಬಳ ವಿಶ್ವವಿದ್ಯಾಲಯದ ಸಾಲಿನಲ್ಲಿರಬೇಕು. ಗುಮಾಸ್ತರು ಗ್ರಾಂಟ್ ಹೆಸರು ನೋಡಿ ಸರ್ಕಾರಿ ಸಂಸ್ಥೆಯ ಸಾಲಿಗೆ ಹಾಕಿದ್ದನ್ನು ನಾನು ಕಂಡಿದ್ದೇನೆ. ಇಂಟರ್‌ವ್ಯೂಗೆ ಮುಂಚೆಯೇ ತಿದ್ದಿಸಿದರೆ ಒಂದು ಈಮೇಲ್‌ನ ಕೆಲಸ. ಆಮೇಲಾದರೆ ತಲೆನೋವು. ವೀಸಾ ಸ್ಟ್ಯಾಂಪ್ ಆಗಿ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಇನ್ನೊಂದು ಸಲ ಓದಿ. ಷರತ್ತು ಇದೆಯೋ ಇಲ್ಲವೋ ಎಂದು ವೀಸಾದ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದೂ ಕೊನೆಯ ಮಾತಲ್ಲ. ಅಧಿಕಾರಿ ಬರೆದದ್ದು ತಪ್ಪು ಎನಿಸಿದರೆ ವಿದೇಶಾಂಗ ಇಲಾಖೆಯಿಂದ ಲಿಖಿತ ಅಭಿಪ್ರಾಯ ಕೇಳಬಹುದು.

ಇನ್ನು ಎಚ್-1ಬಿ. ಲ್ಯಾಬ್ ಬಿಟ್ಟು ವಿದೇಶಿ ಸಂಶೋಧಕರ ಕಾಗದಪತ್ರ ನೋಡುವ ಆಫೀಸಿಗೆ ಬಂದ ಮೇಲೆ, 'ಕೇಳಿ ನೋಡಿ, ತಪ್ಪೇನು' ಎಂದು ನಾನೇ ಎಷ್ಟೋ ಜನರಿಗೆ ಹೇಳುತ್ತಿದ್ದೆ. ಕಂಪನಿಗಳ ಎಚ್-1ಬಿಗೆ ಇರುವಂಥ ಆಯ್ಕೆಯ ಲಾಟರಿ ವಿಶ್ವವಿದ್ಯಾಲಯಗಳಿಗೆ ಇಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಈಗ ಹಾಗೆ ಹೇಳಲಾರೆ. 2025ರ ಸೆಪ್ಟೆಂಬರ್ 21ರಿಂದ, ಅಮೆರಿಕದ ಹೊರಗಿರುವವರಿಗೆ ಹೊಸದಾಗಿ ಎಚ್-1ಬಿ ಹಾಕಿದರೆ ಮಾಲೀಕರು ಒಂದು ಲಕ್ಷ ಡಾಲರ್ ಕಟ್ಟಬೇಕು ಎಂಬ ಆದೇಶ ಬಂತು. ವಿಶ್ವವಿದ್ಯಾಲಯಗಳಿಗೂ ವಿನಾಯಿತಿ ಕೊಡಲಿಲ್ಲ. ನಿಮ್ಮ ಇಡೀ ವರ್ಷದ ಸಂಬಳಕ್ಕಿಂತ ಜಾಸ್ತಿ! ಯಾವ ಪ್ರೊಫೆಸರ್ ಗ್ರಾಂಟ್‌ನಿಂದ ಅದನ್ನು ಕಟ್ಟುತ್ತಾರೆ ಹೇಳಿ. ಆದೇಶ ಹೊರಡಿಸಿದ್ದು ಒಂದು ವರ್ಷಕ್ಕೆ, ಮುಂದುವರಿಸಲು ದಾರಿ ಇಟ್ಟುಕೊಂಡೇ. ಕೋರ್ಟಿನಲ್ಲಿ ಪ್ರಶ್ನಿಸಿದವರೂ ಇದ್ದಾರೆ. ಆದ್ದರಿಂದ ಈ ಒಂದು ವಿಷಯದಲ್ಲಿ ಮಾತ್ರ ನನ್ನ ಮಾತಿಗಿಂತ ವಿಶ್ವವಿದ್ಯಾಲಯದ ಆಫೀಸಿನವರು ಈ ವಾರ ಹೇಳುವುದನ್ನು ನಂಬಿ.

ಇದರಲ್ಲೇ ಒಂದು ಸಂದು ಇದೆ. ಈಗಾಗಲೇ ಅಮೆರಿಕದ ಒಳಗೆ ಜೆ-1ನಲ್ಲಿ ಇರುವವರು ಅಲ್ಲಿಂದಲೇ ಎಚ್-1ಬಿಗೆ ಬದಲಾದರೆ ಆ ಒಂದು ಲಕ್ಷ ಬೀಳುವುದಿಲ್ಲ ಎಂದು ವಲಸೆ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಎರಡು ವರ್ಷದ ಷರತ್ತು ಮೈಮೇಲಿದ್ದರೆ ಆ ಬದಲಾವಣೆ ಸಾಧ್ಯವಿಲ್ಲ. ಐದನೇ ಅಂಕಣದ ಬಗ್ಗೆ ಅಷ್ಟೊಂದು ಕೊರೆದದ್ದು ಇದಕ್ಕೇ.

ಹೆಂಡತಿಯ ಮಟ್ಟಿಗಂತೂ ಜೆ-1 ನಿಮಗೆ ಲಾಭವೇ. ಜೆ-2ನಲ್ಲಿ (ಜೆ-1ನವರ ಹೆಂಡತಿ, ಗಂಡ, ಮಕ್ಕಳ ವೀಸಾ) ಬಂದವರು ಅಲ್ಲಿಗೆ ಇಳಿದ ಮೇಲೆ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಕಾರ್ಡ್ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೆ ಬಂದರೆ ಯಾವ ಕಂಪನಿಯಲ್ಲಾದರೂ ಸೇರಬಹುದು. ಅರ್ಜಿಯ ಜೊತೆಗಿನ ಪತ್ರದಲ್ಲಿ 'ಗಂಡನ ಸಂಬಳ ಸಾಲದು' ಎಂದು ಮಾತ್ರ ಬರೆಯಬೇಡಿ. ಜೆ-2ನವರ ದುಡಿಮೆ ಜೆ-1ನವರನ್ನು ಸಾಕುವುದಕ್ಕಲ್ಲ ಎಂಬುದು ನಿಯಮ. ದೇಶ ಸುತ್ತಲು, ಏನಾದರೂ ಕಲಿಯಲು ಎಂದು ಬರೆಯಿರಿ. ಎಲ್ಲರೂ ಹಾಗೇ ಬರೆಯುತ್ತಾರೆ, ಓದುವವರಿಗೂ ಗೊತ್ತು. ಎಚ್-1ಬಿ ಆಗಿದ್ದರೆ ಎಚ್-4ನಲ್ಲಿರುವ (ಎಚ್-1ಬಿಯವರ ಕುಟುಂಬದ ವೀಸಾ) ಹೆಂಡತಿ ನಿಮ್ಮ ಗ್ರೀನ್ ಕಾರ್ಡಿಗಾಗಿ ಹಾಕುವ ಐ-140 ಅರ್ಜಿ ಮಂಜೂರಾಗುವವರೆಗೆ ಸುಮ್ನೆ ಮನೆಯಲ್ಲಿ ಕೂರಬೇಕಾಗುತ್ತಿತ್ತು.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ಜೆ-1ನವರಿಗೆ ಮೊದಲ ಎರಡು ಕ್ಯಾಲೆಂಡರ್ ವರ್ಷ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಕಡಿತ ಇಲ್ಲ. ಅದು ಶೇ. 7.65. ನಿಮ್ಮ ಸಂಬಳಕ್ಕೆ ವರ್ಷಕ್ಕೆ 4,743 ಡಾಲರ್. ಲೆಕ್ಕ ಕ್ಯಾಲೆಂಡರ್ ವರ್ಷದ್ದು ಎಂಬುದು ನೆನಪಿರಲಿ. ಡಿಸೆಂಬರ್ ಕೊನೆಯಲ್ಲಿ ಇಳಿದರೆ ಆ ಕೆಲವು ದಿನಕ್ಕೇ ಒಂದು ವರ್ಷ ಖರ್ಚಾಗುತ್ತದೆ. ಪ್ರೊಫೆಸರ್ ಒಪ್ಪಿದರೆ ಜನವರಿಯಲ್ಲಿ ಹೊರಡಿ.

ಜೆ-1ನ ನಿಜವಾದ ಕೊರತೆ ಬೇರೆ ಇದೆ. ಎಚ್-1ಬಿಯಲ್ಲಿದ್ದುಕೊಂಡು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು, ಊರಿಗೆ ಹೋಗಿ ಬಂದು ಮಾಡಬಹುದು, ಯಾರೂ ಕೇಳುವುದಿಲ್ಲ. ಜೆ-1ನವರು ಪ್ರತಿ ಸಲ ವೀಸಾ ಕೇಳುವಾಗಲೂ 'ವಾಪಸ್ ಹೋಗುತ್ತೇನೆ' ಎಂದು ಒಪ್ಪಿಸಬೇಕು. ಐ-140 ಹಾಕಿದ ಮೇಲೆ ಸ್ಟ್ಯಾಂಪಿಂಗ್‌ಗೆಂದು ಊರಿಗೆ ಹೋಗುವುದು ಅಪಾಯ. ಆದರೆ ಅದು ನಿಮ್ಮ ಮೊದಲ ವರ್ಷದ ಚಿಂತೆಯಲ್ಲ. ಜೆ-1 ಒಪ್ಪಿಕೊಳ್ಳಿ. ಎರಡನೇ ವರ್ಷದಲ್ಲಿ, ನಿಮ್ಮ ಸಂಶೋಧನಾ ಪೇಪರ್‌ಗಳು ಹೊರಬಂದ ಮೇಲೆ, ಎಚ್-1ಬಿಗೆ ಬದಲಿಸಿಕೊಡುತ್ತೀರಾ ಎಂದು ಪ್ರೊಫೆಸರ್ ಹತ್ತಿರ ಕೇಳಿ. ಆಗ ಕೇಳಿದರೆ ಆಫರ್ ಹೋಗುವ ಭಯವಿಲ್ಲ, ಅಲ್ವಾ?

ಪ್ರಶ್ನೆ: ನಾನು ಜೆ-1 ರಿಸರ್ಚ್ ಸ್ಕಾಲರ್. ಈ ಲ್ಯಾಬ್‌ನಲ್ಲಿ ಮಾರ್ಚ್‌ಗೆ ಮುಗಿಯುತ್ತದೆ. ಇನ್ನೊಂದು ವಿಶ್ವವಿದ್ಯಾಲಯದವರು ಸೆಪ್ಟೆಂಬರ್‌ನಲ್ಲಿ ಬಾ ಎಂದಿದ್ದಾರೆ. ಮಧ್ಯೆ ಊರಿನಲ್ಲಿ ಇದ್ದು, ಹೊಸ ಜೆ-1 ಮಾಡಿಸಿಕೊಂಡು ಬರಬಹುದಲ್ಲ? ರಿಸರ್ಚ್ ಸ್ಕಾಲರ್‌ಗೆ ಸಿಗುವ ಗರಿಷ್ಠ ಐದು ವರ್ಷದಲ್ಲಿ ಇನ್ನೂ ಮೂರು ಬಾಕಿ ಇದೆ.

ಉತ್ತರ: ದಯವಿಟ್ಟು ಟಿಕೆಟ್ ಬುಕ್ ಮಾಡಬೇಡಿ.

ಐದು ವರ್ಷ ಎಂಬುದು ಬೇಕಾದಾಗ ತೆಗೆದು ಬಳಸುವ ಬ್ಯಾಂಕ್ ಖಾತೆಯಲ್ಲ. ರಿಸರ್ಚ್ ಸ್ಕಾಲರ್ ಆಗಿ ನಿಮ್ಮ ಕಾರ್ಯಕ್ರಮ ಮುಗಿಯಿತು ಎಂದು ದಾಖಲಾದ ದಿನದಿಂದ 24 ತಿಂಗಳು ಅದೇ ವರ್ಗದಲ್ಲಿ ಮತ್ತೆ ಬರುವಂತಿಲ್ಲ. ಉಳಿದ ಮೂರು ವರ್ಷವೂ ಹೋಯಿತು. ಮೇಲಿನ ಎರಡು ವರ್ಷದ ಷರತ್ತೇ ಬೇರೆ, ಇದೇ ಬೇರೆ. ಅದು ಇಲ್ಲದವರಿಗೂ ಇದು ಇದೆ. ಜನ ಎರಡನ್ನೂ ಕಲಸಿಬಿಡುತ್ತಾರೆ. 'ನನ್ನ ವೀಸಾದ ಮೇಲೆ ಷರತ್ತು ಇಲ್ಲ ಎಂದೇ ಬರೆದಿದೆ' ಎಂದು ಧೈರ್ಯವಾಗಿ ಹೊರಟವರು ಹೊಸ ಡಿಎಸ್-2019 ಸಿಗದೆ ಊರಲ್ಲೇ ಉಳಿದದ್ದುಂಟು. ಹೊರಗೆ ಹೋದ ಮೇಲೆ ಎಚ್-1ಬಿ ಕೇಳೋಣ ಎಂದರೆ ಆ ಒಂದು ಲಕ್ಷ ಡಾಲರ್ ಅಡ್ಡ ಬರಬಹುದು.

ದಾರಿ ಇರುವುದು ಮಾರ್ಚ್‌ಗೆ ಮುಂಚೆ. ಈಗಿನ ಡಿಎಸ್-2019 ಮುಗಿಯುವ ಮೊದಲೇ ನಿಮ್ಮ ದಾಖಲೆಯನ್ನು ಈ ವಿಶ್ವವಿದ್ಯಾಲಯದಿಂದ ಆ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಬೇಕು. ಹೊಸ ಪ್ರೊಫೆಸರ್‌ಗೆ ಬರೆದು ಸೇರುವ ದಿನವನ್ನು ಏಪ್ರಿಲ್‌ಗೆ ತನ್ನಿ. ಸಂಬಳಕ್ಕೆ ದುಡ್ಡು ಸೆಪ್ಟೆಂಬರ್‌ಗೇ ಬರುವುದು ಎಂದರೆ, ಈಗಿನವರ ಹತ್ತಿರ ಅಲ್ಲಿಯವರೆಗೆ ಮುಂದುವರಿಸಲು ಕೇಳಿ. 24 ತಿಂಗಳ ವಿಷಯವನ್ನು ಇಬ್ಬರಿಗೂ ಬಿಡಿಸಿ ಹೇಳಿ. ಬಹಳ ಪ್ರೊಫೆಸರ್‌ಗಳಿಗೆ ಈ ನಿಯಮ ಗೊತ್ತೇ ಇರುವುದಿಲ್ಲ. ಗೊತ್ತಾದರೆ ಏನಾದರೂ ಮಾಡುತ್ತಾರೆ. ಊರಿಗೆ ಹೋಗಲೇಬೇಕಾದರೆ ಕಾರ್ಯಕ್ರಮ ನಡೆಯುತ್ತಿರುವಾಗಲೇ ರಜೆ ಹಾಕಿ ಹೋಗಿ ಬನ್ನಿ, ಆಫೀಸಿಗೆ ತಿಳಿಸಿ.

ಪ್ರಶ್ನೆ: ಭಾರತದಿಂದ ಬಂದ ಸಂಶೋಧಕರಿಗೆ ಎರಡು ವರ್ಷ ಆದಾಯ ತೆರಿಗೆ ಇಲ್ಲವಂತೆ. ನನ್ನ ಡಿಎಸ್-2019 ಮೂರು ವರ್ಷಕ್ಕಿದೆ. ಮೊದಲ ಎರಡು ವರ್ಷಕ್ಕೆ ವಿನಾಯಿತಿ ತೆಗೆದುಕೊಂಡು, ಮೂರನೇ ವರ್ಷ ಮಾತ್ರ ಕಟ್ಟಿದರೆ ಸಾಕೇ?

ಉತ್ತರ: ಸಾಲದು. ಭಾರತ-ಅಮೆರಿಕ ತೆರಿಗೆ ಒಪ್ಪಂದದ 22ನೇ ವಿಧಿ ಹೇಳುವುದು ಎರಡು ವರ್ಷ ಮೀರದೆ ಬಂದು ಹೋಗುವವರಿಗೆ. ಮೀರಿದರೆ ವಿನಾಯಿತಿ ಮೊದಲ ದಿನದಿಂದಲೇ ರದ್ದು. ಹಿಂದಿನ ಎರಡೂ ವರ್ಷದ ರಿಟರ್ನ್ ತಿದ್ದಿ, ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕು. ಬೇರೆ ಕೆಲವು ದೇಶದವರಿಗೆ ಹೀಗಿಲ್ಲ. ಪಕ್ಕದ ಬೆಂಚಿನ ಚೀನೀ ಗೆಳೆಯ ಹೇಳಿದ್ದನ್ನು ಕೇಳಿಕೊಂಡು ಹೋಗಬೇಡಿ, ಅವರ ಒಪ್ಪಂದವೇ ಬೇರೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಈ ಒಪ್ಪಂದವನ್ನು ರಾಜ್ಯದ ತೆರಿಗೆಗೆ ಒಪ್ಪುವುದೂ ಇಲ್ಲ. ಮೂರು ವರ್ಷ ಇರುವುದು ಖಚಿತವಾದರೆ ಪೇರೋಲ್‌ನವರು ಕೊಡುವ 8233 ಫಾರಂ (ಒಪ್ಪಂದದ ವಿನಾಯಿತಿ ಕೇಳುವ ಅರ್ಜಿ) ತುಂಬಬೇಡಿ. ಮೊದಲ ಸಂಬಳದಿಂದಲೇ ತೆರಿಗೆ ಮುರಿದುಕೊಳ್ಳಲಿ.