ಸೆಡಾನ್ ಸಾಕೆ, ಆಲ್ ವೀಲ್ ಡ್ರೈವ್ ವ್ಯಾಗನ್ ಬೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ಸೆಕೆಂಡ್ ಹ್ಯಾಂಡ್ ಕಾರು ನೋಡಿಟ್ಟಿದ್ದೇನೆ. ಒಂದು ದೇಶದಲ್ಲೇ ತಯಾರಾದ ಸೆಡಾನ್, ಎಂಜಿನ್ ಬಲ ಮುಂದಿನ ಚಕ್ರಗಳಿಗೆ ಮಾತ್ರ. ಇನ್ನೊಂದು ಹೊರಗಿನಿಂದ ಆಮದಾದ ಆಲ್ ವೀಲ್ ಡ್ರೈವ್ ವ್ಯಾಗನ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಚಾವಣಿ ಡಿಕ್ಕಿಯ ಮೇಲೂ ಚಾಚಿದ ಕಾರು. ವಯಸ್ಸು, ಓಡಿದ ದೂರ, ಬೆಲೆ ಹೆಚ್ಚುಕಡಿಮೆ ಒಂದೇ. ಮಳೆಯಲ್ಲಿ ವ್ಯಾಗನ್ನೇ ಸುರಕ್ಷಿತ ಅಂತ ಮನೆಯವರು ಹಟ ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ಮನೆಯವರ ಮಾತಿನಿಂದಲೇ ಶುರು ಮಾಡೋಣ. ಹೆಚ್ಚಿನವರು ಎಡವುವುದು ಅಲ್ಲೇ. ನಾಲ್ಕೂ ಚಕ್ರಕ್ಕೆ ಬಲ ಹೋಗುವುದರ ಲಾಭ ಸಿಗುವುದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ. ಬ್ರೇಕ್ ಯಾವ ಕಾರಿನಲ್ಲಾದರೂ ನಾಲ್ಕು ಚಕ್ರಕ್ಕೂ ಇರುತ್ತದೆ. ಆದ್ದರಿಂದ ಕಾರು ನಿಲ್ಲಲು ಬೇಕಾದ ದೂರವನ್ನು ಆಲ್ ವೀಲ್ ಡ್ರೈವ್ ಒಂದಡಿಯೂ ಕಡಿಮೆ ಮಾಡುವುದಿಲ್ಲ. ಹಿಂದಿನ ಡಿಫರೆನ್ಷಿಯಲ್ (ಎರಡು ಕಡೆಗೆ ಬಲ ಹಂಚಿ, ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ), ಪ್ರೊಪೆಲ್ಲರ್ ಶಾಫ್ಟ್ (ಬಲವನ್ನು ಹಿಂದಕ್ಕೆ ಒಯ್ಯುವ ದಂಡ), ಇನ್ನೆರಡು ಆಕ್ಸಲ್ ಸೇರಿದರೆ ತೂಕವೂ ಹೆಚ್ಚುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮ. ಜಾರುವ ರಸ್ತೆಯಲ್ಲಿ ಸೆಡಾನ್ ಹೊರಡುವಾಗಲೇ ಮುಂದಿನ ಚಕ್ರ ಒಂದಿಷ್ಟು ಸುತ್ತಿ ಎಚ್ಚರಿಸುತ್ತದೆ. ವ್ಯಾಗನ್ ಸದ್ದಿಲ್ಲದೆ ಹೊರಟುಬಿಡುತ್ತದೆ. ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಚಾಲಕನಿಗೆ ಗೊತ್ತಾಗುವುದು ಬ್ರೇಕ್ ಒತ್ತಿದ ಮೇಲೆ.

ಒದ್ದೆ ಡಾಂಬರಿನ ಮೇಲೆ ಕಾಪಾಡುವುದು ಟಯರು. ಹೊಸ ಟಯರಿನ ಕಚ್ಚಿನ ಆಳ ಸಾಮಾನ್ಯವಾಗಿ 8 ಮಿ.ಮೀ. ಅದು 3 ಮಿ.ಮೀ.ಗೆ ಇಳಿಯುವ ಹೊತ್ತಿಗೆ ನೀರು ಹೊರದಬ್ಬುವ ಶಕ್ತಿ ಬಹಳ ಕುಗ್ಗಿರುತ್ತದೆ. 1.6 ಮಿ.ಮೀ. ಎಂಬ ಮಿತಿ ಅನೇಕ ದೇಶಗಳ ಕಾನೂನಿನಲ್ಲಿದೆ, ಆದರೆ ಅಲ್ಲಿಯವರೆಗೆ ಕಾಯಬೇಡಿ. ಹಿಮ ಬೀಳುವ ಕಡೆಗೂ ಇದೇ ಲೆಕ್ಕ. ತಾಪಮಾನ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟಯರಿನ ರಬ್ಬರ್ ಗಡುಸಾಗುತ್ತದೆ. ಹಿಮದ ಮೇಲೆ ಚಳಿಗಾಲದ ಟಯರು ಹಾಕಿದ ಸೆಡಾನ್, ಬೇಸಿಗೆ ಟಯರಿನ ಆಲ್ ವೀಲ್ ಡ್ರೈವ್‌ಗಿಂತ ಬೇಗ ನಿಲ್ಲುತ್ತದೆ. ಟಯರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯೇ ನೋಡಿ. ಬರೀ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಅದನ್ನು ಚಳಿಗಾಲದ ಟಯರೆಂದು ನಂಬಬೇಡಿ.

ಹಾಗಾದರೆ ವ್ಯಾಗನ್ ಎಲ್ಲಿ ಗೆಲ್ಲುತ್ತದೆ? ಸಾಮಾನು ತುಂಬಿಕೊಂಡು ಕಡಿದಾದ, ಸಡಿಲ ನೆಲದ ಏರು ಹತ್ತುವಲ್ಲಿ. ಏರಿನಲ್ಲಿ ಭಾರ ಹಿಂದಕ್ಕೆ ಜರುಗುತ್ತದೆ, ಮುಂದಿನ ಚಕ್ರ ಹಗುರಾಗಿ ಸುತ್ತತೊಡಗುತ್ತದೆ. ಡಿಕ್ಕಿ ತುಂಬಿದ್ದರೆ ಇನ್ನೂ ಕಷ್ಟ. ಹಿಂದಿನ ಚಕ್ರವೂ ತಳ್ಳಿದರೆ ಅದೇ ಭಾರ ಉಪಯೋಗಕ್ಕೆ ಬರುತ್ತದೆ. ಕೆಸರು, ಹಿಮ, ಜಲ್ಲಿಯ ಕಥೆಯೂ ಇದೇ. ಆದರೆ ಗುಂಡಿಬಿದ್ದ ಕಚ್ಚಾ ರಸ್ತೆಯಲ್ಲಿ ಕಾರು ಸಿಕ್ಕಿಕೊಳ್ಳುವುದು ಬಹಳ ಸಲ ತಳ ತಗುಲಿ. ಅದಕ್ಕೆ ಬೇಕಾದದ್ದು ಗ್ರೌಂಡ್ ಕ್ಲಿಯರೆನ್ಸ್. ಎತ್ತರಿಸದ ವ್ಯಾಗನ್ನಿನ ತಳ ಸೆಡಾನಿನಷ್ಟೇ ತಗ್ಗಿನಲ್ಲಿರಬಹುದು, ಅಳೆದು ನೋಡಿ.

ನಮ್ಮ ಅಭಿಪ್ರಾಯ ನೇರ. ಮನೆಯಿಂದ ಕೆಲಸದವರೆಗೆ ಡಾಂಬರು ಇದ್ದರೆ ಸೆಡಾನ್ ಕೊಂಡು, ಇಂಧನ, ರಿಪೇರಿಯಲ್ಲಿ ಉಳಿಯುವ ಹಣದಲ್ಲಿ ನಾಲ್ಕು ಒಳ್ಳೆಯ ಟಯರು ಹಾಕಿಸಿ. ಏರಿನ ಮಣ್ಣುದಾರಿ ದಿನವೂ ಹತ್ತಬೇಕಿದ್ದರೆ, ಹಿಂದಿನ ಡಿಫರೆನ್ಷಿಯಲ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ, ವ್ಯಾಗನ್ ಕೊಳ್ಳಿ. ಈ ಎರಡರಲ್ಲಿ ಒಂದು ಮಾತ್ರ ಇದ್ದರೆ ಸಾಲದು. ಇಂಧನ ಒಂದೇ ಎಂಜಿನ್ನಿಗೆ ಶೇಕಡಾ 5ರಿಂದ 10 ಹೆಚ್ಚು ಹೋಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ಆಲ್ ವೀಲ್ ಡ್ರೈವ್ ಎಲ್ಲ ಒಂದೇ ಬಗೆಯದಲ್ಲವೇ?

ಉತ್ತರ: ಅಲ್ಲ. ಕೊಳ್ಳುವ ಮುಂಚೆ ಯಾವ ಬಗೆ ಎಂದು ತಿಳಿಯಲೇಬೇಕು, ಏಕೆಂದರೆ ಕೆಡುವ ರೀತಿ ಬೇರೆ ಬೇರೆ. 1972ರ ಸುಬಾರು ಲಿಯೋನ್ ವ್ಯಾಗನ್ನಿನಲ್ಲಿ ಲಿವರ್ ಎಳೆದರಷ್ಟೇ ಹಿಂದಿನ ಚಕ್ರಕ್ಕೆ ಬಲ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಬೇಕು, ಇದು ಅದಕ್ಕೆ ಬಿಡುವುದಿಲ್ಲ; ಹಾಗಾಗಿ ಅಂಥದ್ದನ್ನು ಒಣ ಡಾಂಬರಿನ ಮೇಲೆ ಬಳಸಬಾರದು. 1980ರಲ್ಲಿ ಬಂದ ಆಡಿ ಕ್ವಾಟ್ರೊದಲ್ಲಿ ಮುಂದು-ಹಿಂದಿನ ನಡುವೆಯೂ ಒಂದು ಡಿಫರೆನ್ಷಿಯಲ್ ಇತ್ತು, ನಾಲ್ಕೂ ಚಕ್ರಕ್ಕೆ ಸದಾ ಬಲ. ಕೆಲವು ಕಾರುಗಳಲ್ಲಿ ಸಿಲಿಕೋನ್ ದ್ರವ ತುಂಬಿದ ವಿಸ್ಕಸ್ ಕಪ್ಲಿಂಗ್ ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸಿ ಬಲ ಹಂಚಲು ನೆರವಾಗುತ್ತದೆ. 1998ರಿಂದ ಹಾಲ್ಡೆಕ್ಸ್ ಕ್ಲಚ್ ಬಂತು: ಮಾಮೂಲಿಯಾಗಿ ಮುಂದಿನ ಚಕ್ರ, ಬೇಕೆನಿಸಿದಾಗ ಎಣ್ಣೆಯ ಒತ್ತಡದಿಂದ ಕ್ಲಚ್ ತಟ್ಟೆಗಳು ಬಿಗಿದು ಹಿಂದಿನದೂ ಸೇರುತ್ತದೆ.

ಪ್ರಶ್ನೆ: ವ್ಯಾಗನ್ನಿನ ಒಂದು ಟಯರಿನ ಬದಿ ಸೀಳಿದೆ. ಉಳಿದ ಮೂರರಲ್ಲಿ 5 ಮಿ.ಮೀ. ಕಚ್ಚು ಇದೆ. ಅಂಗಡಿಯವರು ಒಂದೇ ಹೊಸ ಟಯರು ಹಾಕಿದರೆ ಸಾಕು ಎನ್ನುತ್ತಾರೆ.

ಉತ್ತರ: ಸೆಡಾನಿಗಾದರೆ ಎರಡು ಹಾಕಿಸಿ ಮುಗಿಸಬಹುದಿತ್ತು. ನಿಮ್ಮ ವ್ಯಾಗನ್ನಿಗೆ ಒಂದೇ ಹಾಕಿದರೆ ಆಮೇಲೆ ನಡುವಿನ ಕಪ್ಲಿಂಗಿನ ಖರ್ಚು ಬರುತ್ತದೆ. ಲೆಕ್ಕ ಹೀಗಿದೆ. 205/55 ಆರ್ 16 ಅಳತೆಯ ಟಯರಿನ ಸುತ್ತಳತೆ ಸುಮಾರು 1,985 ಮಿ.ಮೀ., ಅಂದರೆ ಕಿಲೊಮೀಟರಿಗೆ 504 ಸುತ್ತು. ಹೊಸದರ 8, ಹಳೆಯದರ 5: ಅಂತರ 3 ಮಿ.ಮೀ. ಸುತ್ತಳತೆಯಲ್ಲಿ ಅದು ಸುಮಾರು 19 ಮಿ.ಮೀ. ಆಗುತ್ತದೆ. ಹೊಸ ಚಕ್ರ ಕಿಲೊಮೀಟರಿಗೆ ಸುಮಾರು 5 ಸುತ್ತು ಕಡಿಮೆ ಸುತ್ತುತ್ತದೆ. ಹೊಸದು ಒಂದೇ ಬದಿಯಲ್ಲಿರುವುದರಿಂದ, ಆಕ್ಸಲ್ಲಿನ ಎರಡು ಚಕ್ರದ ಸರಾಸರಿಯಲ್ಲಿ ಮುಂದು-ಹಿಂದಿನ ಅಂತರ ಇದರ ಅರ್ಧ, ಎರಡೂವರೆ ಸುತ್ತು. ನೂರು ಕಿಲೊಮೀಟರಿಗೆ 250 ಸುತ್ತು. ನೇರ ರಸ್ತೆಯಲ್ಲೂ ನಡುವಿನ ಕಪ್ಲಿಂಗ್ ಬಿಡುವಿಲ್ಲದೆ ಉಜ್ಜುತ್ತದೆ, ಬಿಸಿಯಾಗುತ್ತದೆ. ವಿಸ್ಕಸ್ ಬಗೆಯದು ಕೊನೆಗೆ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಕ್ಲಚ್ ಬಗೆಯದರಲ್ಲಿ ತಟ್ಟೆ ಸವೆದು ಪುಡಿ ಎಣ್ಣೆಗೆ ಸೇರುತ್ತದೆ. ಎರಡು ಹೊಸ ಟಯರನ್ನು ಒಂದೇ ಆಕ್ಸಲ್ಲಿಗೆ ಹಾಕಿದರೆ ಈ ಅಂತರ ಪೂರ್ತಿ 5 ಸುತ್ತಾಗುತ್ತದೆ. ಜೋಡಿ ಹಾಕಿದರೆ ಕ್ಷೇಮ ಎಂಬ ನಂಬಿಕೆ ಇಲ್ಲಿ ತಲೆಕೆಳಗು.

ಕಟ್ಟುನಿಟ್ಟಿನ ತಯಾರಕರು ಸುತ್ತಳತೆಯ ಅಂತರ 6 ಮಿ.ಮೀ. ದಾಟಬಾರದು ಎನ್ನುತ್ತಾರೆ. ಕಚ್ಚಿನ ಆಳದಲ್ಲಿ ಅದು 1 ಮಿ.ಮೀ. ಮಾತ್ರ. ನಿಮ್ಮ ಕಾರಿನ ಮಿತಿ ಅದರ ಕೈಪಿಡಿಯಲ್ಲಿರುತ್ತದೆ. ದಾರಿ ಮೂರು: ಅದೇ ಕಂಪನಿಯ ಅದೇ ಮಾದರಿಯ, 5 ಮಿ.ಮೀ. ಉಳಿದ ಬಳಸಿದ ಟಯರು ಹುಡುಕುವುದು. ಹೊಸ ಟಯರನ್ನು ಯಂತ್ರದಲ್ಲಿ ಹೆರೆದು 5ಕ್ಕೆ ಇಳಿಸುವ ಸೌಲಭ್ಯವಿದ್ದರೆ ಅದು. ಎರಡೂ ಆಗದಿದ್ದರೆ ನಾಲ್ಕನ್ನೂ ಬದಲಿಸುವುದು. ಇನ್ನು ಮೇಲೆ ಪ್ರತಿ 8ರಿಂದ 10 ಸಾವಿರ ಕಿಲೊಮೀಟರಿಗೆ ಟಯರುಗಳ ಜಾಗ ಅದಲುಬದಲು ಮಾಡಿಸಿ. ಸಣ್ಣ ಅಳತೆಯ ಸ್ಟೆಪ್ನಿ ಹಾಕಿಕೊಂಡು ದೂರ ಹೋಗಬೇಡಿ.

ಪ್ರಶ್ನೆ: ಬಳಸಿದ ಆಲ್ ವೀಲ್ ಡ್ರೈವ್ ವ್ಯಾಗನ್ನನ್ನು ಪರೀಕ್ಷಿಸುವುದು ಹೇಗೆ?

ಉತ್ತರ: ಮೊದಲು ಟಯರು. ನಾಲ್ಕರಲ್ಲಿ ಎರಡು ಕಂಪನಿಯ ಹೆಸರು ಕಂಡರೆ, ಹಳೆಯ ಮಾಲೀಕರು ಮೇಲಿನ ಲೆಕ್ಕ ಗಮನಿಸಿಲ್ಲ ಎಂದೇ ತಿಳಿದು ಉಳಿದ ಪರೀಕ್ಷೆಗಳನ್ನು ಇನ್ನೂ ಬಿಗಿಯಾಗಿ ಮಾಡಿ.

ಒಣಗಿದ, ಸಮತಟ್ಟಾದ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಡಿಗೆಯ ವೇಗದಲ್ಲಿ ಒಂದು ಸುತ್ತು ಹಾಕಿ, ಆಮೇಲೆ ಇನ್ನೊಂದು ಬದಿಗೆ. ಕಾರು ಸಲೀಸಾಗಿ ಉರುಳಬೇಕು. ಯಾರೋ ಬ್ರೇಕ್ ಹಿಡಿದಂತೆ ತಡೆದರೆ, ಕುಪ್ಪಳಿಸಿದರೆ, ನಡುವಿನ ಕಪ್ಲಿಂಗ್ ಬಿಗಿದುಕೊಂಡಿದೆ. ತಣ್ಣಗಿರುವಾಗ ಸರಿ ಇದ್ದು, ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಬಿಗಿಯುವ ಕಪ್ಲಿಂಗ್‌ಗಳೂ ಇವೆ. ಹಾಗಾಗಿ ಓಡಿಸಿ ಬಂದು ಮತ್ತೆ ಸುತ್ತು ಹಾಕಿ. ಈ ಎರಡನೆಯ ಸುತ್ತನ್ನು ದಯವಿಟ್ಟು ಬಿಡಬೇಡಿ.

ಇದಕ್ಕೆ ವಿರುದ್ಧವಾದ ದೋಷವೂ ಇದೆ: ಹಿಂದಿನ ಚಕ್ರ ಸೇರುವುದೇ ಇಲ್ಲ. ಸಡಿಲ ಜಲ್ಲಿಯ ಮೇಲೆ ತುಸು ಜೋರಾಗಿ ಹೊರಡಿ, ಹೊರಗೆ ಒಬ್ಬರು ನಿಂತು ನೋಡಲಿ. ಮುಂದಿನ ಚಕ್ರ ಮಾತ್ರ ಸುತ್ತುತ್ತಿದ್ದರೆ ಹಾಲ್ಡೆಕ್ಸ್ ಬಗೆಯ ಕಾರಿನಲ್ಲಿ ಕ್ಲಚ್ಚಿಗೆ ಎಣ್ಣೆಯ ಒತ್ತಡ ಕೊಡುವ ಪಂಪನ್ನು ಶಂಕಿಸಿ. ಕ್ಲಚ್ಚಿನ ಪುಡಿ ಜಾಲರಿಯಲ್ಲಿ ಕಟ್ಟಿ ಪಂಪ್ ಉಸಿರುಗಟ್ಟಿರುತ್ತದೆ. ಈ ಕ್ಲಚ್ಚಿನ ಎಣ್ಣೆ ಬದಲಿಸಿದ ರಸೀದಿ ಕೇಳಿ. ಡಿಫರೆನ್ಷಿಯಲ್ ಎಣ್ಣೆ ಬೇರೆ, ಇದು ಬೇರೆ. ಎಷ್ಟೋ ಕಾರುಗಳಲ್ಲಿ ಎರಡನೆಯದನ್ನು ಯಾರೂ ಮುಟ್ಟಿಯೇ ಇರುವುದಿಲ್ಲ.

ಓಡಿಸುವಾಗ ಹಿಂದಿನಿಂದ ಕೊರಗುವ ಸದ್ದು ಬಂದರೆ ಆಕ್ಸಿಲರೇಟರ್ ಬಿಟ್ಟು, ಒತ್ತಿ ಕೇಳಿ. ಆಗ ಸದ್ದು ಬದಲಾದರೆ ಡಿಫರೆನ್ಷಿಯಲ್. ವೇಗದೊಂದಿಗೆ ಏರುತ್ತಾ, ತಿರುವಿನಲ್ಲಿ ಹೆಚ್ಚುಕಡಿಮೆ ಆದರೆ ಚಕ್ರದ ಬೇರಿಂಗ್. ಕಾಲಡಿಯಲ್ಲಿ ನಡುಕ ಬಂದರೆ ಪ್ರೊಪೆಲ್ಲರ್ ಶಾಫ್ಟಿನ ನಡುಬೇರಿಂಗ್.

ಕೊನೆಗೆ ಲಿಫ್ಟ್ ಮೇಲೆ ಏರಿಸಿ. ಸೆಡಾನಿಗೆ ನಾಲ್ಕು ಆಕ್ಸಲ್ ರಬ್ಬರ್ ಬೂಟ್ (ಆಕ್ಸಲ್ ಜಾಯಿಂಟಿನ ಹೊದಿಕೆ) ಇದ್ದರೆ ಇದಕ್ಕೆ ಎಂಟು. ಒಂದು ಹರಿದರೂ ಗ್ರೀಸ್ ಚಿಮ್ಮಿ ಹೋಗಿ, ಧೂಳು ಒಳಸೇರಿ ಜಾಯಿಂಟ್ ಹಾಳಾಗುತ್ತದೆ. ಎಂಜಿನ್ ಅಡ್ಡಲಾಗಿರುವ ಕಾರಿನಲ್ಲಿ ಬಲವನ್ನು ಹಿಂದಕ್ಕೆ ತಿರುಗಿಸುವ ಪೆಟ್ಟಿಗೆ ಗೇರ್‌ಬಾಕ್ಸಿನ ಪಕ್ಕ, ಅನೇಕ ಸಲ ಸೈಲೆನ್ಸರ್ ಪೈಪಿಗೆ ಒತ್ತಿಕೊಂಡಂತೆ ಇರುತ್ತದೆ. ಒಳಗೆ ಇರುವ ಎಣ್ಣೆ ಒಂದು ಲೀಟರೂ ಇರುವುದಿಲ್ಲ, ಬಿಸಿಗೆ ಬೇಗ ಕೆಡುತ್ತದೆ. ಸುಟ್ಟ ವಾಸನೆ, ಟಾರಿನಂಥ ಕಪ್ಪು ಕಂಡರೆ ಆ ಕಾರು ಬೇಡ. ಎಣ್ಣೆ ಬದಲಿಸುವವರಿಗೆ ಒಂದು ಮಾತು: ಮೊದಲು ತುಂಬಿಸುವ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಕದಲದಿದ್ದರೆ ಎಣ್ಣೆ ಇಳಿದ ಕಾರು ಅಲ್ಲೇ ಉಳಿಯುತ್ತದೆ.

ಪ್ರಶ್ನೆ: ಆಮದು ಕಾರಿಗೆ ಬಿಡಿಭಾಗ ಸಿಗುವುದಿಲ್ಲ ಎಂದು ಹೆದರಿಸುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಫಿಲ್ಟರ್, ಬ್ರೇಕ್ ಪ್ಯಾಡ್, ಬೆಲ್ಟ್ ಸಿಗುತ್ತವೆ. ಕಾಯುವಂತೆ ಮಾಡುವುದು ಹೆಡ್‌ಲೈಟ್, ಗಾಜು, ಬಂಪರ್, ಸೆನ್ಸರ್, ಕಂಪ್ಯೂಟರ್ ಡಬ್ಬಿ. ಸಣ್ಣ ಅಪಘಾತದ ನಂತರ ಕಾರು ವಾರಗಟ್ಟಲೆ ನಿಲ್ಲುವುದು ಇವಕ್ಕಾಗಿಯೇ. ಕೆಲವು ವ್ಯಾಗನ್ನುಗಳಲ್ಲಿ ಭಾರ ಹೊತ್ತರೂ ಎತ್ತರ ಕಾಯ್ದುಕೊಳ್ಳುವ ಹಿಂದಿನ ಶಾಕ್ ಅಬ್ಸಾರ್ಬರ್ ಇರುತ್ತದೆ. ಮಾಮೂಲಿಯದಕ್ಕಿಂತ ಬಹಳ ದುಬಾರಿ. ಹಿಂಭಾಗ ಕುಸಿದು ನಿಂತಿದ್ದರೆ ಅದರ ಬೆಲೆ ಕೇಳಿಯೇ ಚೌಕಾಸಿಗೆ ಕೂರಿ.

ಭಾಗ ತರಿಸುವಾಗ ಮಾದರಿಯ ಹೆಸರು, ವರ್ಷ ಹೇಳಿದರೆ ಸಾಲದು, 17 ಅಕ್ಷರದ ಚಾಸಿ ನಂಬರ್ ಕೊಡಿ. ಒಂದೇ ಹೆಸರಿನ ಕಾರು ಬೇರೆ ಮಾರುಕಟ್ಟೆಗೆ ಬೇರೆ ಬ್ರೇಕ್, ಬೇರೆ ರೇಡಿಯೇಟರ್ ಜೊತೆ ಹೋಗಿರುತ್ತದೆ. ಅಧಿಕೃತ ಆಮದುದಾರರಿಲ್ಲದೆ ಖಾಸಗಿಯಾಗಿ ಬಂದ ಕಾರಾದರೆ ಇಮ್ಮೊಬಿಲೈಸರ್ (ಕಳವು ತಡೆಯುವ ಎಲೆಕ್ಟ್ರಾನಿಕ್ ಬೀಗ) ಕೀ ಎರಡೂ ಇವೆಯೇ ನೋಡಿ, ಎರಡನೆಯದು ಮಾಡಿಸುವುದು ಸುಲಭವಲ್ಲ. ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶಕ್ಕೆ ಮಾಡಿದ ಹೆಡ್‌ಲೈಟ್ ಬಲಕ್ಕೆ ಎತ್ತಿ ಬೆಳಕು ಚೆಲ್ಲುತ್ತದೆ. ಎಡಬದಿಯಲ್ಲಿ ಓಡಿಸಿದರೆ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಸಾಮಾನ್ಯ ದೀಪಗಳಲ್ಲಿ ಸ್ಕ್ರೂ ತಿರುಗಿಸಿದರೆ ಇದು ಸರಿಹೋಗದು. ಹಿಮಕ್ಕೆ ಉಪ್ಪು ಸುರಿಯುವ ದೇಶದಿಂದ ಬಂದದ್ದಾದರೆ ಬ್ರೇಕ್ ಪೈಪು, ಸಬ್‌ಫ್ರೇಮ್‌ಗಳ ತುಕ್ಕನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಅಲಾಯ್ ಚಕ್ರ ಬದಲಿಸುವಾಗ 5×112, 5×114.3 (ಐದು ಬೋಲ್ಟ್, ಅವು ಕೂರುವ ವೃತ್ತದ ವ್ಯಾಸ ಮಿ.ಮೀ.ನಲ್ಲಿ) ಕಣ್ಣಿಗೆ ಒಂದೇ. ಆ 2.3 ಮಿ.ಮೀ. ವ್ಯತ್ಯಾಸವನ್ನು ಒತ್ತಾಯದಿಂದ ಕೂರಿಸಿದರೆ ಬೋಲ್ಟ್ ಬಾಗಿ ಚಕ್ರ ಸಡಿಲವಾಗುತ್ತದೆ.

ಪ್ರಶ್ನೆ: ಸಾಮಾನಿನ ಜಾಗಕ್ಕಾಗಿ ಮಾತ್ರ ವ್ಯಾಗನ್ ಕೊಳ್ಳಬಹುದೇ?

ಉತ್ತರ: ಖಂಡಿತ. ಆದರೆ ಮುಂದಿನ ಚಕ್ರದ ಎಳೆತದ ವ್ಯಾಗನ್ ಸಿಕ್ಕರೆ ಅದನ್ನೇ ಕೊಳ್ಳಿ. ಸೆಡಾನಿನ ಡಿಕ್ಕಿ ಆಳವಿದ್ದರೂ ಬಾಯಿ ಚಿಕ್ಕದು, ದೊಡ್ಡ ಪೆಟ್ಟಿಗೆ ಒಳಗೆ ಇಳಿಯದು. ವ್ಯಾಗನ್ನಿನಲ್ಲಿ ಹಿಂದಿನ ಚಕ್ರದ ಸದ್ದು ಕೂರುವ ಜಾಗಕ್ಕೇ ಬರುತ್ತದೆ, ಹಿಂಗಾಜಿಗೆ ಧೂಳು ಬಂದು ಮೆತ್ತುತ್ತದೆ. ಹಿಂದಿನ ವೈಪರ್ ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಕೆಟ್ಟು ನಿಂತ ಆಲ್ ವೀಲ್ ಡ್ರೈವ್ ಕಾರನ್ನು ಮುಂಭಾಗ ಎತ್ತಿ ಎಳೆದೊಯ್ಯಬಹುದೇ?

ಉತ್ತರ: ಬೇಡ. ಎರಡು ಚಕ್ರ ನಿಂತು ಎರಡು ಸುತ್ತಿದರೆ ಕಪ್ಲಿಂಗ್ ಸುಡುತ್ತದೆ. ನಾಲ್ಕೂ ಚಕ್ರ ನೆಲ ಬಿಟ್ಟಿರುವಂತೆ ಚಪ್ಪಟೆ ಲಾರಿಯ ಮೇಲೆ ಹೇರಿಸಿ. ಗ್ಯಾರೇಜಿನಲ್ಲೂ ಎಚ್ಚರ: ಒಂದು ಬದಿಯನ್ನಷ್ಟೇ ಜಾಕ್ ಮೇಲೆ ಎತ್ತಿ ಎಂಜಿನ್ ಚಾಲೂ ಮಾಡಿ ಗೇರ್ ಹಾಕಿದರೆ, ನೆಲದ ಮೇಲಿರುವ ಚಕ್ರಕ್ಕೂ ಬಲ ಹೋಗಿ ಕಾರು ಜಾಕಿನಿಂದ ಜಿಗಿಯಬಹುದು. ಬ್ರೇಕ್ ಪರೀಕ್ಷೆಯ ರೋಲರ್ ಮೇಲೆ ಒಂದೇ ಆಕ್ಸಲ್ ಇಡುವ ಕಡೆ, ಇದು ಆಲ್ ವೀಲ್ ಡ್ರೈವ್ ಎಂದು ಮೊದಲೇ ಹೇಳಿ.