ನಿಮ್ಮ ಮಾವನ ಫೈಬರ್ ಕಾರು ಡಾಲ್ಫಿನ್ ಸ್ವಾಮಿ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪ್ತು. ನಾಲ್ಕು ಹಾಳೆ, ಎರಡೂ ಕಡೆ, ಮಾರ್ಜಿನ್ ಕೂಡ ಬಿಡ್ದೇ ಬರೆದಿದೀರಿ, ಹೆಸರು ಹಾಕ್ಬೇಡಿ ಅಂತಾನೂ ಕೇಳ್ಕೊಂಡಿದೀರಿ, ಆಯ್ತು ಹಾಕಲ್ಲ. ಪೂರ್ತಿ ಅಚ್ಚು ಮಾಡೋಕೆ ಜಾಗ ಇಲ್ದಿರೋದ್ರಿಂದ ಉಳಿದ ಓದುಗರಿಗೋಸ್ಕರ ನೀವು ಹೇಳಿದ್ದೇನು ಅಂತ ಚುಟುಕಾಗಿ ಹೇಳ್ಬಿಡ್ತೀನಿ. ಎಂಬತ್ತರ ದಶಕದಲ್ಲಿ ಬಂದಿದ್ದೆಲ್ಲಾ ಚಿನ್ನ, ಈಗ ಬರ್ತಿರೋದೆಲ್ಲಾ ಕಸ. ರಾಮಾಯಣ, ಮಹಾಭಾರತ, ಮಾಲ್ಗುಡಿ, ಶಕ್ತಿಮಾನ್, ಅಮರ ಚಿತ್ರ ಕಥೆ, ಜೇಮ್ಸ್ ಬಾಂಡ್ ಸಿನಿಮಾ, ಅಂಬಾಸಿಡರ್ ಕಾರು, ಇವುಗಳ ಮುಂದೆ ಇವತ್ತಿನ ಯಾವ್ದೂ ನಿಲ್ಲಲ್ಲ. ಆದ್ದರಿಂದ ನಮ್ಮ ಪತ್ರಿಕೆ ತಿಂಗಳಿಗೊಂದು 'ಆ ಕಾಲದ ಟಾಪ್ ಟೆನ್' ಕಾಲಂ ಶುರು ಮಾಡ್ಬೇಕು. ಕೊನೇಲಿ ಸಣ್ಣ ಅಕ್ಷರದಲ್ಲಿ ಎರಡು ವಿಷಯ. ಒಂದು, ನಿಮ್ಮ ಸೋದರಮಾವನ ಹತ್ರ ಎರಡೇ ಬಾಗಿಲಿನ ಯಾವ್ದೋ ಫೈಬರ್ ಕಾರಿತ್ತು, ಹೆಸರು ನೆನಪಿಲ್ಲ. ಇನ್ನೊಂದು, ಕಡೂರಲ್ಲಿ ಹಳೇ ಅಂಬಾಸಿಡರ್ ಮಾರಾಟಕ್ಕಿದೆ, ತಗೊಳ್ಳೋದಾ ಬೇಡ್ವಾ.

ಬೇಜಾರು ಮಾಡ್ಕೋಬೇಡಿ, ನಿಮ್ಮ ಎಂಟು ಪುಟದಲ್ಲಿ ನನಗೆ ಖುಷಿ ಕೊಟ್ಟಿದ್ದು ಆ ಫೈಬರ್ ಕಾರಿನ ಎರಡು ಸಾಲು ಮಾತ್ರ. ಯಾಕಂದ್ರೆ ಅದೊಂದೇ ನಿಮ್ಮ ಸ್ವಂತ ನೆನಪು. ಮಿಕ್ಕಿದ್ದು ವಾಟ್ಸಾಪಲ್ಲಿ ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಜೊತೆ ಬರುತ್ತಲ್ಲ, ನಮ್ಮ ಬಾಲ್ಯ ಎಷ್ಟು ಚೆಂದ ಇತ್ತು ಅನ್ನೋ ಲಿಸ್ಟು, ಅದೇ. ಲಖನೌದಲ್ಲಿ ಕೂತವರಿಗೂ ಅದೇ ಲಿಸ್ಟು, ಕಡೂರಲ್ಲಿ ಕೂತವರಿಗೂ ಅದೇ ಲಿಸ್ಟು. ಅಂದಹಾಗೆ ಶಕ್ತಿಮಾನ್ ಬಂದಿದ್ದು 1997ರಲ್ಲಿ, ಅಷ್ಟೊತ್ತಿಗೆ ನಿಮಗೆ ಮದುವೆ ಆಗಿ ಮಕ್ಕಳಿದ್ರು ಅಂತ ನೀವೇ ಮೂರನೇ ಪುಟದಲ್ಲಿ ಬರೆದಿದೀರಿ!

ಮೊದಲು ಆ ಕಾರಿನ ವಿಷಯ ಮುಗಿಸ್ತೀನಿ, ಅದು ಸಿಪಾನಿ ಡಾಲ್ಫಿನ್. ನಮ್ಮ ಬೆಂಗಳೂರಲ್ಲೇ ತಯಾರಾಗಿದ್ದು ಸ್ವಾಮಿ. 1982ರಲ್ಲಿ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಪುಟ್ಟ ಕಾರಿನ ಡಿಸೈನ್ ತಗೊಂಡು ಮಾಡಿದ್ದು, 848 ಸಿಸಿ ಅಲ್ಯೂಮಿನಿಯಂ ಇಂಜಿನ್ನು, ಬಾಡಿ ಫೈಬರ್ ಗ್ಲಾಸು, ಅಂದ್ರೆ ತುಕ್ಕು ಹಿಡಿಯೋ ಮಾತೇ ಇಲ್ಲ, ಮಲೆನಾಡಿನ ಮಳೆಗೆ ಹೇಳಿ ಮಾಡ್ಸಿದ ಹಾಗೆ. ಅದೇ ಕಂಪನಿ ಅದಕ್ಕೂ ಮುಂಚೆ ಬಾದಲ್ ಅಂತ ಮೂರು ಚಕ್ರದ ಕಾರು ಮಾಡಿತ್ತು, ಅದನ್ನ ಕಾರು ಅನ್ನೋದಾ ಆಟೋ ಅನ್ನೋದಾ ಅಂತ ನೋಡಿದವರಿಗೇ ಅನುಮಾನ. ಡಾಲ್ಫಿನ್ ತೂಕ ಕಮ್ಮಿ ಇದ್ದಿದ್ರಿಂದ ಚೆನ್ನಾಗಿ ಓಡ್ತಿತ್ತು, ರ‍್ಯಾಲಿಗಳಲ್ಲಿ ಒಳ್ಳೇ ಹೆಸರು ಮಾಡ್ತು. ಆದ್ರೆ ಎರಡೇ ಬಾಗಿಲು. ಮದುವೆಗೆ ಹೊರಟ ಮನೆ ಹೆಂಗಸರು ರೇಷ್ಮೆ ಸೀರೆ ಉಟ್ಕೊಂಡು ಮುಂದಿನ ಸೀಟು ಮಡಚಿಸಿ ಹಿಂದಕ್ಕೆ ನುಸೀಬೇಕು ಅಂದ್ರೆ ಯಾವ ಸಂಸಾರಸ್ಥ ಕೊಳ್ತಾನೆ ಹೇಳಿ. ಮುಂದೆ ಬಾಗಿಲು ಜಾಸ್ತಿ ಮಾಡಿ ಮೊಂಟಾನಾ ಅಂತ ತಂದ್ರು, ಆದ್ರೆ 1983ರ ಡಿಸೆಂಬರಲ್ಲೇ ಮಾರುತಿ 800 ಬಂದಾಗಿತ್ತು, ನಾಲ್ಕು ಬಾಗಿಲು, ಜಪಾನಿನ ಇಂಜಿನ್ನು, ಬೆಲೆ ಐವತ್ತು ಸಾವಿರದ ಆಸುಪಾಸು. ಅಲ್ಲಿಗೆ ಬೆಂಗಳೂರಿನ ಕಾರಿನ ಕಥೆ ಮುಗೀತು. ನಿಮ್ಮ ಮಾವ ಮಾರುತಿಗೆ ಬುಕ್ ಮಾಡಿ ಕಾಯೋ ಬದಲು ಡಾಲ್ಫಿನ್ ತಗೊಂಡ್ರು ಅಂದ್ರೆ ಧೈರ್ಯದ ಮನುಷ್ಯ. ಎಂಟು ಪುಟ ಅವರ ಬಗ್ಗೆ ಬರೀಬಹುದಿತ್ತಲ್ಲ?

ಅಮರ ಚಿತ್ರ ಕಥೆ ಬಗ್ಗೆ ನೀವು ಬರೆದಿದ್ದು 'ಬಾಂಬೆಯವರು ಎಷ್ಟು ಚೆನ್ನಾಗಿ ಮಾಡ್ತಿದ್ರು, ನಮ್ಮವರಿಗೆ ಅದೆಲ್ಲ ಹೊಳೀಲೇ ಇಲ್ಲ' ಅಂತ. ಇದನ್ನ ಓದಿ ನಾನು ಕಾಫಿ ಲೋಟ ಕೆಳಗಿಟ್ಟೆ. ನಿಮ್ಮ ಹತ್ರ ಹಳೇ ಇಂಗ್ಲಿಷ್ ಅಮರ ಚಿತ್ರ ಕಥೆ ಇದ್ರೆ ನೋಡಿ, 'ಕೃಷ್ಣ' ಪುಸ್ತಕದ ನಂಬರು 11. ಒಂದರಿಂದ ಹತ್ತು ಎಲ್ಲಿ ಹೋದ್ವು ಅಂತ ಯೋಚ್ನೆ ಮಾಡಿದೀರಾ? ಆ ಹತ್ತೂ ಬಂದಿದ್ದು ಕನ್ನಡದಲ್ಲಿ! ಅದರ ಪ್ರಕಾಶಕರಾದ ಇಂಡಿಯಾ ಬುಕ್ ಹೌಸಿನ ಮಾರಾಟನ ಬೆಂಗಳೂರಲ್ಲಿ ನೋಡ್ಕೊಳ್ತಿದ್ದ ಜಿ. ಕೆ. ಅನಂತರಾಮ್ ಅವರು ಕನ್ನಡ ಮಕ್ಕಳಿಗೆ ಇಂಥಾದ್ದು ಬೇಕು ಅಂತ ಹಠ ಹಿಡಿದು ಮಾಡ್ಸಿದ್ದು, ಸಿಂಡ್ರೆಲಾ ಥರದ ವಿದೇಶಿ ಕಥೆಗಳು. ಅವು ಖರ್ಚಾಗಿದ್ದು ನೋಡೇ ಕಂಪನಿಗೆ ಧೈರ್ಯ ಬಂತು. ಆಮೇಲೆ ಪುರಾಣ, ಇತಿಹಾಸ ಅಂತ ಆ ಸರಣಿನ ದೊಡ್ಡದು ಮಾಡಿದ ಅನಂತ ಪೈ, ದೇಶದ ಮಕ್ಕಳೆಲ್ಲ ಅಂಕಲ್ ಪೈ ಅಂತಿದ್ದವರು, ಅವರೂ ಹುಟ್ಟಿದ್ದು ಕಾರ್ಕಳದಲ್ಲಿ. ಹೊಳೀಲಿಲ್ಲವಂತೆ! ಹೊಳೆದಿತ್ತು, ನಾವು ಮರೆತ್ವಿ ಅಷ್ಟೇ. ಹಂಗೇ ಬಾಲಮಂಗಳದ ಡಿಂಗ, ಚಂದಮಾಮದ ಛಲ ಬಿಡದ ತ್ರಿವಿಕ್ರಮ, ಇವರಿಬ್ಬರಿಗೂ ನಿಮ್ಮ ಪತ್ರದಲ್ಲಿ ಜಾಗ ಇಲ್ಲ. ಡಿಂಗ ಮೂಲತಃ ಕೇರಳದಿಂದ ಬಂದವನು, ಚಂದಮಾಮ ಅಚ್ಚಾಗ್ತಿದ್ದಿದ್ದು ಮದ್ರಾಸಲ್ಲಿ, ಇರಲಿ ಬಿಡಿ, ನಮ್ಮ ಕೈಗೆ ಕನ್ನಡದಲ್ಲೇ ಬಂದ್ರು, ಬಸ್ ಸ್ಟ್ಯಾಂಡಿನ ಪೇಪರ್ ಅಂಗಡೀಲಿ ಕ್ಲಿಪ್ಪಿಗೆ ನೇತಾಡ್ಕೊಂಡು.

ಟೀವಿಗೆ ಬರ್ತೀನಿ. ಭಾನುವಾರ ರಾಮಾಯಣ ಬಂದ್ರೆ ರಸ್ತೆ ಖಾಲಿ ಅಂತೀರಿ, ನಿಜ. 1987ರ ಜನವರಿಯಿಂದ ಮುಂದಿನ ವರ್ಷದ ಜುಲೈವರೆಗೆ ನಡೀತು. ಆದ್ರೆ ನಮ್ಮ ಅಜ್ಜಿಯರಿಗೆ ಹಿಂದಿ ಒಂದಕ್ಷರ ಬರ್ತಿರ್ಲಿಲ್ಲ, ಕಥೆ ಮೊದಲೇ ಗೊತ್ತಿದ್ದಕ್ಕೆ ಕೈ ಮುಗಿದು ನೋಡಿದ್ರು, ಅದರಲ್ಲಿ ಸೀರಿಯಲ್ಲಿನ ಹೆಚ್ಚುಗಾರಿಕೆ ಎಷ್ಟು, ವಾಲ್ಮೀಕಿದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಮಾಲ್ಗುಡಿ ಮಾತ್ರ ಒಪ್ತೀನಿ, ಎರಡು ಮಾತಿಲ್ಲ. ಶಂಕರ್ ನಾಗ್ ಇಡೀ ಆಗುಂಬೆಯನ್ನ ಸೆಟ್ ಮಾಡ್ಕೊಂಡು ತೆಗೆದಿದ್ದು, ಆರ್. ಕೆ. ಲಕ್ಷ್ಮಣ್ ಚಿತ್ರ, ಎಲ್. ವೈದ್ಯನಾಥನ್ ಟ್ಯೂನು, ಇವತ್ತು ಹಾಕಿದ್ರೂ ಕೂತು ನೋಡ್ಬಹುದು. ಮಳೆ ನಮ್ದು, ನಟರು ಬಹುಪಾಲು ನಮ್ಮೋರು, ಮಾತು ಮಾತ್ರ ಹಿಂದಿ. ಹಾಗಾದ್ರೆ ಕನ್ನಡದಲ್ಲೇ ಮಾತಾಡಿದ 'ಗುಡ್ಡದ ಭೂತ' ಎಲ್ಲಿ? ಸದಾನಂದ ಸುವರ್ಣ ಅವರು ತುಳುನಾಡಲ್ಲಿ ತೆಗೆದಿದ್ದು, ಪ್ರಕಾಶ್ ರೈ ಇನ್ನೂ ಹುಡುಗ, ಆ ಟೈಟಲ್ ಹಾಡು ಶುರುವಾದ್ರೆ ಮಕ್ಕಳು ಅಮ್ಮನ ಸೆರಗು ಹುಡುಕ್ತಿದ್ವು. ಸಿನಿಮಾ ಹಾಡಿನ ಚಿತ್ರಮಂಜರಿ ಎಲ್ಲಿ? ಟಿ. ಎನ್. ಸೀತಾರಾಂ ತಂಡದ ಮಾಯಾಮೃಗ ಎಲ್ಲಿ? ಶಕ್ತಿಮಾನ್‌ಗೆ ಜಾಗ ಕೊಟ್ಟ ಮೇಲೆ ಮಾಯಾಮೃಗ ಎಂಬತ್ತರದ್ದಲ್ಲ ಅಂತ ನೀವು ಹೇಳಂಗಿಲ್ಲ.

ಬಾಂಡ್ ಬಗ್ಗೆ ಒಂದು ಪುಟ ಬರೆದವರು ನಮ್ಮ ಕನ್ನಡದ ಬಾಂಡ್ ಸಿಐಡಿ 999 ಬಗ್ಗೆ ಒಂದು ಸಾಲು ಬರೀಲಿಲ್ಲವಲ್ಲ, ಅದು ನನಗೆ ನಿಜವಾಗ್ಲೂ ಸಿಟ್ಟು ಬರ್ಸಿದ್ದು. 1968ರಲ್ಲಿ 'ಜೇಡರ ಬಲೆ', ಅಣ್ಣಾವ್ರು ಹೀರೋ, ದೊರೈ-ಭಗವಾನ್ ನಿರ್ದೇಶನ. ಆಮೇಲೆ ಇನ್ನೂ ಮೂರು ಬಂದ್ವು. ಕಾರು ಸಿನಿಮಾ ಎರಡೂ ಒಟ್ಟಿಗೆ ಬೇಕು ಅಂದ್ರೆ ಶಂಕರ್ ನಾಗ್ 1980ರಲ್ಲಿ ಕಾರು ಕಳ್ಳರ ಮೇಲೇ ಮಾಡಿದ 'ಮಿಂಚಿನ ಓಟ' ಇದೆ.

ಇವತ್ತಿನದೆಲ್ಲಾ ಕಸ ಅನ್ನೋದಕ್ಕೆ ನಾನು ಉತ್ತರ ಕೊಡಲ್ಲ, ನಿಮ್ಮ ತಂದೆ ಎಂಬತ್ತೈದರಲ್ಲಿ ಇದೇ ಮಾತು ನಿಮಗೆ ಹೇಳಿರ್ತಾರೆ.

ಕಾಲಂ ಶುರು ಮಾಡೋಣ. ಟಾಪ್ ಟೆನ್ ಬೇಡ, ಒಂದ್ಸಲಕ್ಕೆ ಒಂದೇ ವಸ್ತು. ಬರೆಯೋರ ಊರಲ್ಲಿ, ಮನೇಲಿ, ಪಕ್ಕದ ಮನೇಲಿ ಇದ್ದಿದ್ದಾಗಿರ್ಬೇಕು. ಮೊದಲನೇದು ನೀವೇ ಬರೀರಿ, ಮಾವನ ಡಾಲ್ಫಿನ್, ಫೋಟೋ ಇದ್ರೆ ಕಳ್ಸಿ, ಜೋಪಾನವಾಗಿ ವಾಪಸ್ ಕೊಡ್ತೀವಿ.

ಇನ್ನು ಕಡೂರಿನ ಅಂಬಾಸಿಡರ್. ಅದು ಒಳ್ಳೇ ಕಾರು ಅನ್ನೋದಕ್ಕಿಂತ ಜನಕ್ಕೆ ಬೇರೆ ಗತಿ ಇರ್ಲಿಲ್ಲ ಅನ್ನೋದು ನನ್ನ ಅಭಿಪ್ರಾಯ, ಬೇರೆ ಕಾರು ಸಿಕ್ಕಿದ ಕೂಡ್ಲೇ ಎಲ್ಲಾ ಅತ್ತ ಹೋದ್ರು, ಕೊನೆಗೆ 2014ರಲ್ಲಿ ಉತ್ತರಪಾರಾ ಫ್ಯಾಕ್ಟರಿ ನಿಂತೇ ಹೋಯ್ತು. ಆದ್ರೂ ಆಸೆ ಇದೆ ಅಂತೀರಿ, ತಗೊಳ್ಳಿ. ತೊಂಬತ್ತರ ದಶಕದಲ್ಲಿ ಬಂದ ಇಸುಜು ಪೆಟ್ರೋಲ್ ಇಂಜಿನ್ನಿನ 1800 ಆದ್ರೆ ಒಳ್ಳೇದು, ಗೇರು ಕೆಳಗಿರುತ್ತೆ, ಹಳೇದರ ಥರ ಸ್ಟೇರಿಂಗ್ ಪಕ್ಕ ಅಲ್ಲ. ಚಾಸಿಸ್ ಕೆಳಗೆ ಬಗ್ಗಿ ತುಕ್ಕು ನೋಡಿ, ಆರ್‌ಸಿ ನೋಡಿ, 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ರಿನ್ಯೂವಲ್ಲು, ಗ್ರೀನ್ ಟ್ಯಾಕ್ಸು ಬೇರೆ. ಸ್ಪೇರ್ ಬೇಕಂದ್ರೆ ಬೆಂಗಳೂರಿಗೆ ಬಂದಾಗ ಜೆ. ಸಿ. ರೋಡಲ್ಲಿ ಒಂದು ಸುತ್ತು ಹೊಡೀರಿ. ಮತ್ತೆ, ಮಾರೋನು 'ಒಬ್ಬರೇ ಡಾಕ್ಟ್ರು ಓಡ್ಸಿದ ಗಾಡಿ ಸಾರ್' ಅಂದ್ರೆ ಅಲ್ಲಿಂದ ವಾಪಸ್ ಬಂದ್ಬಿಡಿ.

ಸಂಪಾದಕ