ಸೋಫಾ ಪಕ್ಕದ ಮೂಲೆಗೆ ಆರಡಿ ಗಿಡ: ಮೊದಲು ಬೆಳಕು ನೋಡಿ

ನಮಸ್ಕಾರ. ನಿಮ್ಮದು ಬೆಂಗಳೂರಿನ ಮೂರನೇ ಮಹಡಿಯ ಫ್ಲಾಟ್. ಹಾಲ್‌ಗೆ ಪಶ್ಚಿಮದ ಬಾಲ್ಕನಿ, ಅಲ್ಲಿಂದ ಹತ್ತು ಅಡಿ ಒಳಗೆ ಸೋಫಾ ಪಕ್ಕದ ಮೂಲೆ. ಅಲ್ಲಿ ಆರಡಿಯ ಫಿಡಲ್ ಲೀಫ್ ಫಿಗ್ ಇಡಬಹುದಾ ಅಂತ ಕೇಳಿದ್ದೀರಿ. ಮನೆಯಲ್ಲಿ ಅಂಬೆಗಾಲಿಡುವ ಮಗು, ಒಂದು ಬೆಕ್ಕು ಇದೆ ಅಂತಲೂ ಬರೆದಿದ್ದೀರಿ.

ಆ ಮೂಲೆಗೆ ಫಿಡಲ್ ಲೀಫ್ ಬೇಡ. ಅದು ಪಶ್ಚಿಮ ಆಫ್ರಿಕಾದ ಮರ, ನಮ್ಮ ಆಲ, ಅರಳಿ, ಅತ್ತಿಯ ಕುಲದ್ದೇ. ಚೆನ್ನಾಗಿ ಬೆಳಕು ಬೇಕು. ಹತ್ತು ಅಡಿ ಒಳಗೆ ನಮ್ಮ ಕಣ್ಣಿಗೆ ಬೆಳಕು ಸಾಕು ಅನಿಸುತ್ತದೆ, ಗಿಡಕ್ಕೆ ಸಾಲುವುದಿಲ್ಲ. ಮೇಲಿನ ಮನೆಯ ಬಾಲ್ಕನಿ ಮುಂದಕ್ಕೆ ಚಾಚಿದ್ದರೆ ಇನ್ನೂ ಕಡಿಮೆ. ಕೆಳಗಿನ ಎಲೆಗಳು ಒಂದೊಂದೇ ಕಂದಾಗಿ ಉದುರುತ್ತವೆ. ನೀರು ಸಾಲಲಿಲ್ಲ ಅಂದುಕೊಂಡು ಜಾಸ್ತಿ ಹಾಕುತ್ತೇವೆ, ಬೇರು ಕೊಳೆಯುತ್ತದೆ. ಜೊತೆಗೆ ಎಲೆ ಕಿತ್ತರೆ ಬರುವ ಬಿಳಿ ಸೊನೆ ಚರ್ಮಕ್ಕೂ ಬಾಯಿಗೂ ಉರಿ ತರುತ್ತದೆ.

ಯಾವ ಗಿಡ ಕೊಳ್ಳುವ ಮೊದಲೂ ಇದೊಂದು ಮಾಡಿ. ಮಧ್ಯಾಹ್ನ ಲೈಟ್ ಆರಿಸಿ, ಆ ಮೂಲೆಯಲ್ಲಿ ಬಿಳಿ ಹಾಳೆ ಇಟ್ಟು ಒಂದಡಿ ಮೇಲೆ ಕೈ ಹಿಡಿಯಿರಿ. ಅಂಚು ಸ್ಪಷ್ಟವಾಗಿರುವ ನೆರಳು ಬಿದ್ದರೆ ಬೆಳಕು ಚೆನ್ನಾಗಿದೆ. ಮಸುಕಾಗಿದ್ದರೂ ಕೈಯ ಆಕಾರ ಗೊತ್ತಾದರೆ ಕಡಿಮೆ ಬೆಳಕಲ್ಲೂ ಬಾಳುವ ಗಿಡ ಬದುಕುತ್ತದೆ. ನೆರಳೇ ಕಾಣದಿದ್ದರೆ ಗ್ರೋ ಲೈಟ್ (ಗಿಡ ಬೆಳೆಯಲೆಂದೇ ಹಾಕುವ ದೀಪ) ಇಲ್ಲದೆ ಯಾವ ಗಿಡವನ್ನೂ ಇಡಬೇಡಿ.

ಮಸುಕು ನೆರಳಾದರೂ ಬಿದ್ದರೆ ನನ್ನ ಸಲಹೆ ರಾಫಿಸ್ ಪಾಮ್. ಬಿದಿರಿನಂಥ ತೆಳು ಕಾಂಡ, ಬೆರಳು ಬಿಡಿಸಿದ ಹಾಗೆ ಸೀಳಿದ ಎಲೆ. ಮಗು, ಬೆಕ್ಕು ಎರಡಕ್ಕೂ ವಿಷವಲ್ಲ. ಆದರೆ ಬಹಳ ನಿಧಾನ ಬೆಳೆಯುತ್ತದೆ. ಮೂರಡಿಯದು ತಂದು ಆರಡಿ ಆಗಲಿ ಅಂತ ಕಾಯಬೇಡಿ. ದುಡ್ಡು ಜಾಸ್ತಿ ಆದರೂ ಬೇಕಾದ ಎತ್ತರದ್ದನ್ನೇ ತನ್ನಿ.

ಬಾಲ್ಕನಿ ಬಾಗಿಲ ಹತ್ತಿರಕ್ಕೆ ಜಾಗ ಬದಲಿಸಲು ಆಗುತ್ತದಾ? ಹಾಗಾದರೆ ಅರೇಕಾ ಪಾಮ್ ಒಳ್ಳೆಯದು. ಇದು ಮಡಗಾಸ್ಕರ್ ಮೂಲದ ಗಿಡ, ನಮ್ಮ ಅಡಿಕೆ ಅಲ್ಲ. ಇದೂ ವಿಷವಲ್ಲ, ಬೆಲೆಯೂ ಕಡಿಮೆ. ಪಶ್ಚಿಮದ ಬಿಸಿಲು ಮಾರ್ಚ್, ಏಪ್ರಿಲ್‌ನಲ್ಲಿ ಎಲೆ ಸುಡುತ್ತದೆ, ತೆಳು ಪರದೆ ಬೇಕು. ಎತ್ತರ ಜಾಸ್ತಿ ಆಯ್ತು ಅಂತ ಸುಳಿ ಮಾತ್ರ ಕತ್ತರಿಸಬೇಡಿ. ಸುಳಿ ಹೋದ ಕಾಂಡ ಮತ್ತೆ ಚಿಗುರುವುದಿಲ್ಲ.

ನನಗೆ ತುಂಬಾ ಇಷ್ಟದ್ದು ರಬ್ಬರ್ ಗಿಡ. ಮೇಘಾಲಯದಲ್ಲಿ ಖಾಸಿ, ಜೈಂತಿಯಾ ಜನ ಹಳ್ಳದ ಮೇಲೆ ಜೀವಂತ ಸೇತುವೆ ಕಟ್ಟುವುದು ಇದರದೇ ಬೇರುಗಳಿಂದ. ನಮ್ಮ ದಕ್ಷಿಣ ಕನ್ನಡದ ತೋಟಗಳ ರಬ್ಬರ್ ಬೇರೆ ಮರ. ಫಿಡಲ್ ಲೀಫ್‌ಗಿಂತ ಗಟ್ಟಿ ಗಿಡ, ಕತ್ತರಿಸಿದಲ್ಲಿ ಕವಲೊಡೆಯುತ್ತದೆ. ಆದರೆ ಇದಕ್ಕೂ ಸೊನೆ ಇದೆ. ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ತನ್ನಿ. ಡ್ರಸೀನಾ ನೆರಳಿಗೆ ಚೆನ್ನಾಗಿಯೇ ಇರುತ್ತದೆ, ಆದರೆ ಬೆಕ್ಕು ಎಲೆ ತಿಂದರೆ ವಾಂತಿ ಮಾಡುತ್ತದೆ. ಅದು ಬೇಡ.

ನೀರಿನ ವಿಷಯ. ಮಣ್ಣಿಗೆ ಎರಡು ಇಂಚು ಬೆರಳು ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಮಳೆಗಾಲದಲ್ಲಿ ಮಣ್ಣು ನಿಧಾನ ಒಣಗುತ್ತದೆ. ನಿಮ್ಮದು ಬೋರ್‌ವೆಲ್ ನೀರಾದರೆ ಉಪ್ಪಿನಂಶ ಮಣ್ಣಲ್ಲಿ ಸೇರಿ ಪಾಮ್ ಎಲೆಗಳ ತುದಿ ಕಂದಾಗುತ್ತದೆ. ಮಳೆನೀರು ಸಿಕ್ಕರೆ ಹಿಡಿದಿಡಿ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಮಾತ್ರ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಅಂದದ ಸಿರಾಮಿಕ್ ಕುಂಡಕ್ಕೆ ತೂತಿಲ್ಲದಿದ್ದರೆ ಅದರಲ್ಲಿ ನೇರ ನೆಡಬೇಡಿ. ತೂತಿರುವ ಪ್ಲಾಸ್ಟಿಕ್ ಕುಂಡವನ್ನು ಒಳಗಿಟ್ಟು, ತಳದಲ್ಲಿ ನಿಂತ ನೀರು ಚೆಲ್ಲುತ್ತಿರಿ. ತಂದ ತಕ್ಷಣ ಕುಂಡ ಬದಲಿಸುವ ಆತುರವೂ ಬೇಡ, ಪಾಮ್‌ಗಳಿಗೆ ಬೇರು ಕೆದಕಿದರೆ ಆಗುವುದಿಲ್ಲ. ನರ್ಸರಿಯಲ್ಲೇ ಎಲೆಯ ಅಡಿ, ಕಾಂಡದ ಸಂದು ನೋಡಿ. ಹತ್ತಿಯಂಥ ಬಿಳಿ ಅಂಟು ಇದ್ದರೆ ಅದು ಮೀಲಿಬಗ್ ಅನ್ನುವ ಕೀಟ, ಬೇರೆ ಗಿಡ ಆರಿಸಿ. ಬೆಕ್ಕು ಮಣ್ಣು ಕೆದಕದ ಹಾಗೆ ಮೇಲೆ ದೊಡ್ಡ ಕಲ್ಲುಗಳನ್ನು ಹರಡಿ. ಸಣ್ಣವು ಬೇಡ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ.